ಪಾಲ್ ಡಿಸ್ಕ್, ಎನ್‌ಟಿಎಸ್‌ಸಿ ಡಿಸ್ಕ್: ಒಂದೇ ಪ್ಲೇಯರಿನಲ್ಲಿ ಎರಡನ್ನೂ ಸರಿಯಾಗಿ ಆಡಿಸುವುದು

ಪಾಲ್, ಎನ್‌ಟಿಎಸ್‌ಸಿ ಎಂದರೆ ಬೇರೆ ಬೇರೆ ದೇಶಗಳ ಎರಡು ಟಿವಿ ಕ್ರಮಗಳು. ಪಾಲ್ ಡಿವಿಡಿಯಲ್ಲಿ ಚಿತ್ರ 720×576, ಸೆಕೆಂಡಿಗೆ 25 ಫ್ರೇಮ್. ಎನ್‌ಟಿಎಸ್‌ಸಿಯಲ್ಲಿ 720×480, ಸೆಕೆಂಡಿಗೆ 29.97. ಗೆರೆಗಳಲ್ಲಿರುವ ಈ 96ರ ವ್ಯತ್ಯಾಸದ ಬಗ್ಗೆಯೇ ಚರ್ಚೆ ಜಾಸ್ತಿ. ನಾನು ಮೊದಲು ನೋಡುವುದು ಚಲನೆಯನ್ನು. ನಾಲ್ಕು ಗೆರೆ ಕಡಿಮೆಯಾದರೆ ಕಣ್ಣು ಒಗ್ಗಿಕೊಳ್ಳುತ್ತದೆ, ಚಿತ್ರ ಜರ್ಕ್ ಹೊಡೆದರೆ ಒಗ್ಗುವುದಿಲ್ಲ.

ಜರ್ಕ್ ಬಂದಾಗ ನನ್ನ ಮೊದಲ ಅನುಮಾನ ಡಿಸ್ಕಿನ ಮೇಲಲ್ಲ, ಸೆಟಪ್ ಮೆನುವಿನ ಮೇಲೆ. ಅಲ್ಲಿ ಟಿವಿ ಸಿಸ್ಟಮ್ ಅಥವಾ ಟಿವಿ ಟೈಪ್ ಎಂಬಲ್ಲಿ ಪಾಲ್, ಎನ್‌ಟಿಎಸ್‌ಸಿ, ಆಟೋ ಎಂದು ಮೂರು ಆಯ್ಕೆಗಳಿರುತ್ತವೆ. ಕೆಲವು ಪ್ಲೇಯರುಗಳಲ್ಲಿ ಆಟೋ ಬದಲು ಮಲ್ಟಿ ಎಂದಿರುತ್ತದೆ. ಪಾಲ್ ಎಂದು ಇಟ್ಟು ಎನ್‌ಟಿಎಸ್‌ಸಿ ಡಿಸ್ಕ್ ಹಾಕಿದರೆ ಪ್ಲೇಯರ್ 480 ಗೆರೆಗಳನ್ನು 576ಕ್ಕೆ ಹಿಗ್ಗಿಸಬೇಕು, ಸೆಕೆಂಡಿಗೆ ಬರುವ 59.94 ಫೀಲ್ಡುಗಳನ್ನು 50ಕ್ಕೆ ಇಳಿಸಬೇಕು. (ಒಂದು ಫ್ರೇಮ್ ಬರುವುದು ಎರಡು ಫೀಲ್ಡುಗಳಾಗಿ: ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು.) ಸಾಧಾರಣ ಪ್ಲೇಯರ್ ಹತ್ತು ಫೀಲ್ಡುಗಳನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಕ್ಯಾಮೆರಾ ಪಕ್ಕಕ್ಕೆ ಸರಿಯುವ ದೃಶ್ಯದಲ್ಲಿ, ಕೊನೆಯ ಹೆಸರುಗಳ ಪಟ್ಟಿ ಮೇಲೇರುವಾಗ ಇದು ಎದ್ದು ಕಾಣುತ್ತದೆ. ಎನ್‌ಟಿಎಸ್‌ಸಿ ಎಂದು ಇಟ್ಟು ಪಾಲ್ ಡಿಸ್ಕ್ ಹಾಕಿದರೆ ಇದೇ ತೊಂದರೆ ತಿರುವುಮುರುವು: ಗೆರೆಗಳೂ ಹೋಗುತ್ತವೆ, ಕೆಲವು ಫೀಲ್ಡುಗಳು ಎರಡೆರಡು ಸಲ ಬರುತ್ತವೆ.

ಹಾಗಾಗಿ ನನ್ನ ಪ್ಲೇಯರ್ ಯಾವಾಗಲೂ ಆಟೋದಲ್ಲಿರುತ್ತದೆ. ಬದಲಾಯಿಸುವ ಮುನ್ನ ಡಿಸ್ಕನ್ನು ಪೂರ್ತಿ ನಿಲ್ಲಿಸಿ. ಡಿಸ್ಕ್ ಓಡುತ್ತಿರುವಾಗ ಎಷ್ಟೋ ಪ್ಲೇಯರುಗಳಲ್ಲಿ ಆ ಆಯ್ಕೆ ಮಂಕಾಗಿರುತ್ತದೆ. ಆಮೇಲೆ ಎರಡೂ ಬಗೆಯ ಒಂದೊಂದು ಡಿಸ್ಕ್ ಹಾಕಿ, ಟಿವಿ ರಿಮೋಟಿನ ಇನ್ಫೋ ಬಟನ್ ಒತ್ತಿ ನೋಡಿ. ಪಾಲ್ ಡಿಸ್ಕಿಗೆ 50 ಹರ್ಟ್ಸ್, ಎನ್‌ಟಿಎಸ್‌ಸಿ ಡಿಸ್ಕಿಗೆ 60 ಹರ್ಟ್ಸ್ ಎಂದು ಬರಬೇಕು. ಎರಡಕ್ಕೂ ಒಂದೇ ಸಂಖ್ಯೆ ಬಂದರೆ ಪರಿವರ್ತನೆ ಇನ್ನೂ ನಡೆಯುತ್ತಿದೆ ಎಂದರ್ಥ. ಎಚ್‌ಡಿಎಂಐನಲ್ಲಿ 1080ಕ್ಕೆ ಏರಿಸಿ ಕಳಿಸುವಾಗ ಇದು ಸುಲಭವಾಗಿ ಕಣ್ತಪ್ಪುತ್ತದೆ, ಏಕೆಂದರೆ ಚಿತ್ರ ಚೂಪಾಗಿಯೇ ಕಾಣುತ್ತಿರುತ್ತದೆ.

ಹಳೆಯ ಟಿವಿಗೆ ಹಳದಿ ಪಿನ್ನಿನ ಕೇಬಲ್ಲಿನಲ್ಲಿ ಜೋಡಿಸಿದವರಿಗೆ ಆಟೋ ಬೇರೆ ತಲೆನೋವು ತರಬಹುದು. ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತಿದ್ದರೆ ಆ ಟಿವಿ 60 ಹರ್ಟ್ಸನ್ನು ಹಿಡಿಯುತ್ತಿಲ್ಲ. ಚಿತ್ರ ನಿಂತಿದೆ, ಆದರೆ ಕಪ್ಪುಬಿಳುಪು ಎಂದಾದರೆ ತೊಂದರೆ ಬಣ್ಣದ ಸಂಕೇತದ್ದು: ಪಾಲ್ ಬಣ್ಣ 4.43 ಮೆಗಾಹರ್ಟ್ಸ್ ಮೇಲೆ ಬರುತ್ತದೆ, ಎನ್‌ಟಿಎಸ್‌ಸಿಯದು 3.58ರ ಮೇಲೆ. ಪ್ಲೇಯರಿನಲ್ಲಿ ಪಾಲ್ 60 ಇದ್ದರೆ ಅದನ್ನು ಆರಿಸಿ, 60 ಹರ್ಟ್ಸ್ ಚಿತ್ರಕ್ಕೆ ಪಾಲ್ ಬಣ್ಣ ಸಿಗುತ್ತದೆ. ಇಲ್ಲವೇ ಕೆಂಪು, ಹಸಿರು, ನೀಲಿ ಪಿನ್ನುಗಳ ಕಾಂಪೊನೆಂಟ್ ಕೇಬಲ್ ಹಾಕಿ. ಅದರಲ್ಲಿ ಪಾಲ್ ಅಥವಾ ಎನ್‌ಟಿಎಸ್‌ಸಿ ಬಣ್ಣದ ಸಂಕೇತವೇ ಇರುವುದಿಲ್ಲ. ಎರಡೂ ಆಗದ ಟಿವಿಗೆ ಮಾತ್ರ ಪ್ಲೇಯರಿನ ಪರಿವರ್ತನೆ ಗತಿ. ತಪ್ಪು ಆಯ್ಕೆಯಿಂದ ಮೆನುವೇ ಕಾಣದಂತಾದರೆ ರಿಮೋಟಿನಲ್ಲಿ ಎನ್‌ಟಿಎಸ್‌ಸಿ-ಪಾಲ್ ಬದಲಿಸುವ ಎನ್/ಪಿ ಬಟನ್ ಇದೆಯೇ ನೋಡಿ.

ಅದೇ ಮೆನುವಿನಲ್ಲಿ ಟಿವಿಯ ಆಕಾರ 16:9 ಎಂದಿರಲಿ. 4:3 ಲೆಟರ್‌ಬಾಕ್ಸ್ ಎಂದು ಉಳಿದಿದ್ದರೆ ಅಗಲ ಪರದೆಯ ಡಿಸ್ಕಿನ ಚಿತ್ರವನ್ನು ಪ್ಲೇಯರ್ ಕುಗ್ಗಿಸಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಸಿ ಕಳಿಸುತ್ತದೆ. ಆಗ 576 ಗೆರೆಗಳಲ್ಲಿ ಚಿತ್ರಕ್ಕೆ ದಕ್ಕುವುದು 432, 480ರಲ್ಲಿ 360. ಪಾಲ್ ಮೇಲೋ ಎನ್‌ಟಿಎಸ್‌ಸಿ ಮೇಲೋ ಎಂದು ವಾದಿಸುವವರಲ್ಲಿ ಎಷ್ಟು ಜನ ಇದನ್ನು ನೋಡಿಕೊಂಡಿರುತ್ತಾರೋ!

ಇನ್ನು ಯಾವ ಡಿಸ್ಕ್ ಕೊಳ್ಳಬೇಕು ಎಂಬುದು. ಸಿನಿಮಾ 24 ಫ್ರೇಮಿನದು. ಪಾಲ್‌ಗಾಗಿ ಅದನ್ನು 25ಕ್ಕೆ ಓಡಿಸುತ್ತಾರೆ, ಆದ್ದರಿಂದ 120 ನಿಮಿಷದ ಚಿತ್ರ ಸುಮಾರು 115 ನಿಮಿಷಕ್ಕೆ ಮುಗಿಯುತ್ತದೆ. ಧ್ವನಿಯನ್ನು ಸರಿಪಡಿಸಿರದಿದ್ದರೆ ಶ್ರುತಿ ಸುಮಾರು ಮುಕ್ಕಾಲು ಸೆಮಿಟೋನಿನಷ್ಟು (ಸೆಮಿಟೋನ್ ಎಂದರೆ ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ಅಂತರ) ಏರಿರುತ್ತದೆ. ಎನ್‌ಟಿಎಸ್‌ಸಿಯಲ್ಲಿ ವೇಗ ಸರಿ, ಆದರೆ ಒಂದು ಫ್ರೇಮಿಗೆ ಎರಡು ಫೀಲ್ಡ್, ಮುಂದಿನದಕ್ಕೆ ಮೂರು ಎಂದು ಹಂಚುವುದರಿಂದ ಚಲನೆಯಲ್ಲಿ ಸಣ್ಣ ತೊಡರು ಇರುತ್ತದೆ. ಸಂಗೀತ ಮುಖ್ಯವಾದ ಸಿನಿಮಾಕ್ಕೆ ನಾನು ಎನ್‌ಟಿಎಸ್‌ಸಿ ಆರಿಸುತ್ತೇನೆ, ಉಳಿದವಕ್ಕೆ ಪಾಲ್. ವಿಡಿಯೊ ಕ್ಯಾಮೆರಾದಲ್ಲೇ ತೆಗೆದ ಕಛೇರಿ, ಧಾರಾವಾಹಿಗಳಾದರೆ ತೆಗೆದ ಕ್ರಮದ ಡಿಸ್ಕೇ ಸರಿ. ಡಿಸ್ಕ್ ಯಾವ ಪ್ರದೇಶದ ಪ್ಲೇಯರಿನಲ್ಲಿ ಆಡಬಹುದು ಎಂದು ಹೇಳುವ ರೀಜನ್ ಕೋಡಿಗೂ ಇದಕ್ಕೂ ಸಂಬಂಧವಿಲ್ಲ: ಜಪಾನ್, ಪಶ್ಚಿಮ ಯುರೋಪ್ ಎರಡೂ ರೀಜನ್ 2, ಆದರೆ ಜಪಾನಿನದು ಎನ್‌ಟಿಎಸ್‌ಸಿ, ಯುರೋಪಿನದು ಪಾಲ್.

ಬ್ಲೂ-ರೇಯಲ್ಲಿ ಸಿನಿಮಾ ಸಾಮಾನ್ಯವಾಗಿ 24 ಫ್ರೇಮಿನಲ್ಲೇ ಇರುವುದರಿಂದ ಈ ಗೊಡವೆ ಕಡಿಮೆ. ಆದರೆ 50 ಹರ್ಟ್ಸಿನ ಬ್ಲೂ-ರೇ ಡಿಸ್ಕುಗಳೂ ಇವೆ. 60 ಹರ್ಟ್ಸ್ ದೇಶಗಳಿಗೆಂದು ಮಾಡಿದ ಕೆಲವು ಪ್ಲೇಯರುಗಳು ಅವನ್ನು ಆಡಿಸುವುದೇ ಇಲ್ಲ.

ಎಲ್ಲ ಸರಿಯಿದ್ದೂ ಚಲಿಸುವ ವಸ್ತುವಿನ ಹಿಂದೆ ಮಸುಕಾದ ನೆರಳು ಕಂಡರೆ ಪಾಸ್ ಒತ್ತಿ, ಫ್ರೇಮ್ ಫ್ರೇಮಾಗಿ ಮುಂದೆ ಸರಿಸಿ. ಎರಡು ಚಿತ್ರಗಳು ಒಂದರಲ್ಲೊಂದು ಬೆರೆತಂತೆ ಕಾಣುವ ಫ್ರೇಮುಗಳು ಮತ್ತೆ ಮತ್ತೆ ಬಂದರೆ, ಡಿಸ್ಕ್ ಮಾಡುವಾಗಲೇ ಫೀಲ್ಡುಗಳನ್ನು ಬೆರೆಸಿ ಪರಿವರ್ತಿಸಿದ್ದಾರೆ. ಅದಕ್ಕೆ ಪ್ಲೇಯರಿನಲ್ಲಿ ಮದ್ದಿಲ್ಲ, ಬೇರೆ ಆವೃತ್ತಿ ಹುಡುಕಬೇಕು.