ಡಿಗ್ರಿಗೆ ಫ್ರೆಂಚ್ ತಗೊಳ್ಳಬೇಕಾ? ಕನ್ನಡವನ್ನು ಜೊತೆಗಿಟ್ಟುಕೊಳ್ಳಿ

ಮಂಡ್ಯದಿಂದ ಮೈಸೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಓಡಾಡುವವರಿಗೆ ಪಾಂಡವಪುರ ಸ್ಟೇಷನ್ ಗೊತ್ತೇ ಇರುತ್ತದೆ. ಆ ಊರಿಗೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿನ ಕಲ್ಲುಗುಡ್ಡಗಳ ಹತ್ತಿರ ಬಿಡಾರ ಹೂಡಿದ್ದರಿಂದ ಬಂದ ಹೆಸರು ಅದು. ನಾನು ಮೂರು ವರ್ಷ ಅದೇ ರೈಲಿನಲ್ಲಿ, ಕಿಟಕಿ ಪಕ್ಕ ಕೂತು ಫ್ರೆಂಚ್ ಕ್ರಿಯಾಪದಗಳ ಪಟ್ಟಿ ಗಟ್ಟಿ ಹೊಡೆಯುತ್ತಾ ಆ ಸ್ಟೇಷನ್ ದಾಟಿದ್ದೇನೆ. ಹೆಸರಿನ ಕತೆ ಗೊತ್ತಾಗಿದ್ದು ಮಾತ್ರ ಕೋರ್ಸ್ ಮುಗಿದ ಮೇಲೆ.

ಪಿಯುಸಿ ರಿಸಲ್ಟ್ ಬಂದ ಮೇಲೆ ನೆಂಟರು, ಪರಿಚಯದವರು ಫೋನ್ ಮಾಡುತ್ತಾರೆ. "ಮಗಳಿಗೆ ಫ್ರೆಂಚಲ್ಲಿ 97 ಬಂದಿದೆ. ಡಿಗ್ರಿಗೂ ಅದನ್ನೇ ತಗೋತೀನಿ ಅಂತಾಳೆ. ಏನ್ಮಾಡೋದು?" ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಆ 97 ಅನ್ನು ಪಕ್ಕಕ್ಕಿಡಿ

ಬೇಜಾರು ಮಾಡ್ಕೋಬೇಡಿ. ಪಿಯುಸಿಯಲ್ಲಿ ಬಹಳ ಮಂದಿ ಫ್ರೆಂಚ್ ತೆಗೆದುಕೊಳ್ಳುವುದು ಅಂಕಕ್ಕೆ. ಪ್ರಶ್ನೆಗಳು ಹೆಚ್ಚುಕಮ್ಮಿ ಗೊತ್ತಿರುತ್ತವೆ, ಉತ್ತರ ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ. ನನಗೂ ಬಂದಿತ್ತು. ಅದೇ ರಜೆಯಲ್ಲಿ ಅರಮನೆ ಹತ್ತಿರ ಜಟಕಾ ನಿಲ್ಲುವ ಕಡೆ ಒಬ್ಬ ಫ್ರೆಂಚ್ ಅಜ್ಜಿ ನನ್ನನ್ನು ಏನೋ ಕೇಳಿದರು. ಐಫೆಲ್ ಟವರ್ ಮೇಲೆ ಒಂದು ಪುಟ ಪ್ರಬಂಧ ಬರೆಯಬಲ್ಲ ನಾನು "ಬೋಂಜೂರ್ ಮದಾಂ" ಅಂದು ನಿಂತುಬಿಟ್ಟೆ. ಅವರು ಕೇಳಿದ್ದು ಶೌಚಾಲಯ ಎಲ್ಲಿ ಅಂತ. ಜಟಕಾದವನು ಕೈ ತೋರಿಸಿ ಕಳಿಸಿದ.

ಹಾಗಾಗಿ ಮೊದಲು ನಿಮ್ಮ ಮಟ್ಟ ಯಾವುದು ಅಂತ ತಿಳಿದುಕೊಳ್ಳಿ. ಯೂರೋಪಿನ ಭಾಷೆಗಳಿಗೆಲ್ಲ ಆರು ಮೆಟ್ಟಿಲಿನ ಒಂದು ಅಳತೆ ಇದೆ: ಎ1, ಎ2, ಬಿ1, ಬಿ2, ಸಿ1, ಸಿ2. ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಬಂದರೆ ಎ1. ಒಂದು ವಿಷಯದ ಬಗ್ಗೆ ವಾದ ಮಾಡುವಷ್ಟು ಬಂದರೆ ಬಿ2. ಸಾಹಿತ್ಯ ಓದಿ ಅದರ ಬಗ್ಗೆ ಬರೆಯಬೇಕಾದರೆ ಬಿ2 ಆದರೂ ಬೇಕು. ಅಲ್ಲಿಗೆ ಮುಟ್ಟಲು ಸಾಮಾನ್ಯವಾಗಿ 500ರಿಂದ 650 ಗಂಟೆಯ ಕಲಿಕೆ ಬೇಕಾಗುತ್ತದೆ. ವಾರಕ್ಕೆ ಮೂರು ತರಗತಿ ಅಂದರೆ ಎಷ್ಟು ವರ್ಷ ಆಗುತ್ತದೆ, ನೀವೇ ಲೆಕ್ಕ ಹಾಕಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಫ್ರಾನ್ಸಿನ ಅಂತರರಾಷ್ಟ್ರೀಯ ರೇಡಿಯೊ ಆರ್‌ಎಫ್‌ಐ, ಕಲಿಯುವವರಿಗಾಗಿಯೇ ಸುಲಭ ಫ್ರೆಂಚ್‌ನಲ್ಲಿ ಹತ್ತು ನಿಮಿಷದ ವಾರ್ತೆ ಕೊಡುತ್ತದೆ. ಕಾಸಿಲ್ಲ. ಅದರಲ್ಲಿ ಅರ್ಧ ಅರ್ಥವಾದರೆ ನಿಮ್ಮ 97ಕ್ಕೆ ಬೆಲೆ ಇದೆ.

ಎರಡನೆಯದು: ಎಲ್ಲಿ ಸೇರುವುದು

ದಾರಿ ಒಂದೇ ಅಲ್ಲ. ಮನೆ ಬಿಟ್ಟು ಹೋಗಲು ಸಿದ್ಧವಿದ್ದರೆ ದೆಹಲಿಯ ಜೆಎನ್‌ಯು, ದೆಹಲಿ ವಿಶ್ವವಿದ್ಯಾಲಯ ಇವೆ. ಎರಡಕ್ಕೂ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಹೈದರಾಬಾದಿನಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇದೆ. ಎಂಎ ಮಾಡಲು ಪುದುಚೇರಿಯೂ ಒಳ್ಳೆಯ ಜಾಗ, ರಸ್ತೆಯ ಬೋರ್ಡುಗಳಲ್ಲೂ ಫ್ರೆಂಚ್ ಕಾಣುವ ಊರು ಅದು. ಜೆಎನ್‌ಯುದಂಥ ಕಡೆ ಬಿಎಗೆ ಸೇರುವವರಿಗೆ ಮೊದಲೇ ಫ್ರೆಂಚ್ ಬರಬೇಕಿಲ್ಲ, ಅಆಇಈಯಿಂದಲೇ ಶುರು ಮಾಡುತ್ತಾರೆ. ಇದು ಬಹಳ ಮಂದಿಗೆ ಗೊತ್ತಿಲ್ಲ.

ಮೈಸೂರಲ್ಲೇ ಇರಬೇಕು ಅನ್ನುವವರು ಮಾನಸ ಗಂಗೋತ್ರಿಯ ವಿದೇಶಿ ಭಾಷೆಗಳ ವಿಭಾಗಕ್ಕೆ ಒಮ್ಮೆ ಖುದ್ದಾಗಿ ಹೋಗಿ ಬನ್ನಿ. ಈ ವರ್ಷ ಯಾವ ಕೋರ್ಸಿಗೆ ಅರ್ಜಿ ಕರೆದಿದ್ದಾರೆ ಅಂತ ನೋಟಿಸ್ ಬೋರ್ಡ್ ನೋಡಿ. ಫೋನಿನಲ್ಲಿ ಸಿಗುವ ಉತ್ತರಕ್ಕಿಂತ ಅದೇ ವಾಸಿ. ನಮ್ಮ ಕಡೆಯ ಮಕ್ಕಳಿಗೆ ಹೆಚ್ಚು ಹೊಂದುವುದು ಒಂದು ಮಧ್ಯದ ದಾರಿ. ಹಗಲು ಬೇರೆ ವಿಷಯದಲ್ಲಿ ಡಿಗ್ರಿ ಮಾಡಿಕೊಂಡು, ಪಕ್ಕದಲ್ಲಿ ಫ್ರೆಂಚ್ ಸರ್ಟಿಫಿಕೇಟ್, ಡಿಪ್ಲೊಮಾ ಮುಗಿಸಿ, ಆಮೇಲೆ ಎಂಎಗೆ ಹೋಗುವುದು. ಹೀಗೆ ಬಂದವರನ್ನು ಎಂಎಗೆ ತೆಗೆದುಕೊಳ್ಳುತ್ತಾರಾ ಅನ್ನುವುದನ್ನು ಮಾತ್ರ ಪ್ರವೇಶದ ಪ್ರಕಟಣೆಯಲ್ಲಿ ಮೊದಲೇ ಓದಿಕೊಳ್ಳಿ. ಕೆಲವು ಕಡೆ ಬಿಎ ಫ್ರೆಂಚೇ ಬೇಕು ಅಂತಾರೆ.

ಮೂರನೆಯದು, ಮುಖ್ಯವಾದದ್ದು: ಇಂಗ್ಲಿಷ್ ಮೂಲಕ ಕಲಿಯಬೇಡಿ

ನಾನು ತಪ್ಪು ಮಾಡಿದ್ದು ಇಲ್ಲೇ. ಪುಸ್ತಕ ಇಂಗ್ಲಿಷಿನದು, ಮೇಷ್ಟ್ರು ವಿವರಿಸಿದ್ದು ಇಂಗ್ಲಿಷಿನಲ್ಲಿ, ನೋಟ್ಸ್ ಇಂಗ್ಲಿಷು. ಎರಡು ವರ್ಷ ಆದ ಮೇಲೆ ಗೊತ್ತಾಯಿತು, ಎಷ್ಟೋ ಕಡೆ ಫ್ರೆಂಚಿಗೆ ಹತ್ತಿರ ಇರುವುದು ಕನ್ನಡ.

ಉಚ್ಚಾರದಿಂದ ಶುರು ಮಾಡೋಣ. ಫ್ರೆಂಚರಿಗೆ ನಮ್ಮ ಟ, ಡ ಇಲ್ಲ. ಅವರದು ತ, ದ. ಟೇಬಲ್ ಅಲ್ಲ, ತಾಬ್ಲ್. ನಾವು ಇಂಗ್ಲಿಷ್ ಪದವನ್ನೆಲ್ಲ ಟ, ಡ ಹಾಕಿ ಹೇಳುವ ಅಭ್ಯಾಸದವರು, ಅದೇ ಅಭ್ಯಾಸ ಫ್ರೆಂಚಿಗೂ ಬರುತ್ತದೆ. ಮಗ್ಗುಲಲ್ಲಿ ಕನ್ನಡ ಲಿಪಿಯಲ್ಲಿ ತ, ದ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ನಿಜವಾಗಿ ಕಷ್ಟ ಕೊಡುವುದು ಎರಡು ಸದ್ದು. ಒಂದು ಅವರ 'ಯು' ಅಕ್ಷರದ ಸ್ವರ: ಬಾಯೊಳಗೆ ಇ ಅನ್ನುತ್ತಾ ತುಟಿಯನ್ನು ಉ ಅನ್ನುವ ಹಾಗೆ ಗುಂಡಗೆ ಮಾಡಬೇಕು. ಕನ್ನಡಿ ಮುಂದೆ ನಿಂತು ಮಾಡಿ, ಮನೆಯವರು ನಕ್ಕರೆ ನಗಲಿ. ಇನ್ನೊಂದು ಗಂಟಲಲ್ಲಿ ಹೊರಡುವ 'ರ'.

ಆಮೇಲೆ ಸಂಧಿ. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಮೂರು ಅಧ್ಯಾಯ ತೆಗೆದುಕೊಳ್ಳುತ್ತವೆ. ಕನ್ನಡ ಮೀಡಿಯಮ್ಮಿನವರಿಗೆ ಮೂರು ನಿಮಿಷ ಸಾಕು. 'ಲ' ಅಂದರೆ ಆ, 'ಅಮಿ' ಅಂದರೆ ಗೆಳೆಯ. ಎರಡೂ ಸೇರಿದರೆ 'ಲಮಿ'. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದ ಹಾಗೆ. ಲೋಪಸಂಧಿ, ಅಲ್ವಾ? ಇನ್ನು 'ಆ' ಅಂದರೆ ಇದೆ, 'ಇಲ್' ಅಂದರೆ ಅವನು. ಪ್ರಶ್ನೆ ಕೇಳುವಾಗ ಇವೆರಡು ಸೇರಿದರೆ ನಡುವೆ ಎಲ್ಲಿಂದಲೋ ಒಂದು ತಕಾರ ಬಂದು 'ಆತಿಲ್' ಆಗುತ್ತದೆ. ಮನೆ ಮತ್ತು ಅಲ್ಲಿ ನಡುವೆ ಯಕಾರ ಬಂದು ಮನೆಯಲ್ಲಿ ಆಗುತ್ತದಲ್ಲ, ಅದೇ. ಆಗಮಸಂಧಿ. ಬಹುವಚನದ 'ಲೆ' ಮತ್ತು 'ಅಮಿ' ಸೇರಿ 'ಲೆಜಮಿ' ಆಗುವುದು ಸ್ವಲ್ಪ ಬೇರೆ ಥರ. ಅಲ್ಲಿ ಬರವಣಿಗೆಯಲ್ಲಿ ಇದ್ದೂ ಸುಮ್ನಿದ್ದ ಅಕ್ಷರ ಎದ್ದು ಮಾತಾಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವಾಕ್ಯದ ಕಟ್ಟು. ನಾವು 'ನನಗೆ ನೀರು ಬೇಕು' ಅನ್ನುತ್ತೇವೆ. ಇಂಗ್ಲಿಷಿನವನು 'ನಾನು' ಅಂತ ಶುರು ಮಾಡುತ್ತಾನೆ. ಫ್ರೆಂಚಿನವನು 'ಇಲ್ ಮ ಫೋ' ಅಂತಾನೆ, ಅಂದರೆ 'ನನಗೆ ಬೇಕು'. ಅದೇ ಚತುರ್ಥಿ. 'ಸ ಮ ಪ್ಲೆ' ಅಂದರೆ 'ಅದು ನನಗೆ ಹಿಡಿಸುತ್ತದೆ'. ಇನ್ನು ದೂರ ಇರುವ ಗೆಳತಿಗೆ ನಿನ್ನ ನೆನಪಾಗುತ್ತಿದೆ ಅಂತ ಹೇಳುವ ಮಾತು ಇದೆ, 'ತ್ಯು ಮ ಮಾಂಕ್'. ಅಕ್ಷರಶಃ 'ನೀನು ನನಗೆ ಕೊರತೆ'. ಇಂಗ್ಲಿಷ್ ಮೂಲಕ ಕಲಿತವರು ಇದನ್ನು ಹೆಚ್ಚಾಗಿ ತಿರುಗಾಮುರುಗಾ ಮಾಡಿ 'ನಾನಿಲ್ಲದೆ ನಿನಗೆ ಬೇಜಾರು' ಅನ್ನುವ ಅರ್ಥ ಬರಿಸುತ್ತಾರೆ. ನೀನು, ನೀವು ಅನ್ನುವ ಭೇದವೂ ಅಲ್ಲಿ ಹಾಗೇ ಇದೆ. ಒಬ್ಬರೇ ಇದ್ದರೂ ಮರ್ಯಾದೆಗೆ ಬಹುವಚನ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಕನ್ನಡ ಕೈ ಕೊಡುವುದು ಲಿಂಗದಲ್ಲಿ. ನಮಗೆ ಮೇಜು, ಪುಸ್ತಕ ಎರಡೂ 'ಅದು'. ಫ್ರೆಂಚಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಯಾಕೆ ಅಂತ ಕೇಳಬೇಡಿ. ಪದ ಕಲಿಯುವಾಗ ಅದರ ಮುಂದಿನ 'ಲ' ಅಥವಾ 'ಲಾ' ಸಮೇತ ಕಲಿಯಿರಿ, ಹೆಸರಿಗೆ ಇನಿಷಿಯಲ್ ಇದ್ದ ಹಾಗೆ. ಆಮೇಲೆ ಸೇರಿಸಿಕೊಳ್ಳೋಣ ಅಂತ ಬಿಟ್ಟರೆ ಸೇರುವುದೇ ಇಲ್ಲ.

ನಾಲ್ಕನೆಯದು: ಸಾಹಿತ್ಯದ ಗೋಡೆ

ಬಿ1 ಮುಗಿಸಿ ಹುಮ್ಮಸ್ಸಿನಲ್ಲಿ ಕಾದಂಬರಿ ತೆರೆದವರಿಗೆ ಮೊದಲ ಪುಟದಲ್ಲೇ ಪೆಟ್ಟು ಬೀಳುತ್ತದೆ. 'ಅವನು ಮಾಡಿದ' ಅನ್ನಲು ತರಗತಿಯಲ್ಲಿ 'ಇಲಾ ಫೆ' ಅಂತ ಕಲಿಸಿರುತ್ತಾರೆ. ಪುಸ್ತಕದಲ್ಲಿ 'ಇಲ್ ಫಿ' ಅಂತ ಇರುತ್ತದೆ. ಇದು ಪಾಸ್ಸೆ ಸ್ಯಾಂಪ್ಲ್ ಎಂಬ ಭೂತಕಾಲ. ಬರವಣಿಗೆಯಲ್ಲಿ ಮಾತ್ರ ಬದುಕಿದೆ, ಮಾತಿನಲ್ಲಿ ಯಾರೂ ಬಳಸುವುದಿಲ್ಲ. ಇದನ್ನು ಮಾತಾಡಲು ಕಲಿಯಬೇಕಿಲ್ಲ, ಕಂಡಾಗ ಗುರುತು ಹಿಡಿದರೆ ಸಾಕು. ಅಲ್ಲಿಯವರೆಗೆ 1942ರಲ್ಲಿ ಬಂದ, ಫ್ರೆಂಚ್ ಲೇಖಕ ಆಲ್ಬೇರ್ ಕಮೂವಿನ ಮೊದಲ ಕಾದಂಬರಿ 'ಲೆತ್ರಾಂಜೆ'ಯಿಂದ ಶುರು ಮಾಡಿ. ಅದರ ಕತೆ ಹೆಚ್ಚಾಗಿ ಆಡುಮಾತಿನ ಭೂತಕಾಲದಲ್ಲೇ ನಡೆಯುತ್ತದೆ. ವಾಕ್ಯಗಳೂ ಚಿಕ್ಕವು.

ಪದ್ಯಕ್ಕೆ ಬಂದರೆ ಶಾಲೆಯಲ್ಲಿ ಪ್ರಸ್ತಾರ ಹಾಕಿದ ಕೈ ಉಪಯೋಗಕ್ಕೆ ಬರುತ್ತದೆ. ಫ್ರೆಂಚರ ಅಲೆಕ್ಸಾಂದ್ರ್ಯಾಂ ಸಾಲಿನಲ್ಲಿ ಹನ್ನೆರಡು ಅಕ್ಷರ. ಆರಕ್ಕೊಂದು ನಿಲುಗಡೆ, ನಮ್ಮ ಯತಿಯ ಹಾಗೆ. ಲಘು ಗುರು ಲೆಕ್ಕ ಇಲ್ಲ, ಬರೀ ಎಣಿಕೆ. ಒಂದೇ ತೊಡಕು: ಮಾತಿನಲ್ಲಿ ನುಂಗಿಹೋಗುವ ಕೊನೆಯ 'ಇ' (e) ಅಕ್ಷರ, ಮುಂದೆ ವ್ಯಂಜನ ಬಂದರೆ ಪದ್ಯದಲ್ಲಿ ಲೆಕ್ಕಕ್ಕೆ ಬರುತ್ತದೆ. ತಾಬ್ಲ್ ಅನ್ನುವ ಒಂದಕ್ಷರ ತಾ-ಬ್ಲ ಅಂತ ಎರಡಾಗುತ್ತದೆ. ಪೆನ್ಸಿಲ್ ಹಿಡಿದು ಎಣಿಸಿ.

ನನಗೆ ಹೆಚ್ಚು ಕಲಿಸಿದ ಅಭ್ಯಾಸ ಇನ್ನೊಂದು. ಫ್ರೆಂಚ್ ಕವಿ ಬೋದಿಲೇರನ ಕವನ ಸಂಕಲನ 1857ರಲ್ಲಿ ಬಂತು. ಅದೇ ವರ್ಷ ಕೋರ್ಟು ಅವನಿಗೆ ದಂಡ ಹಾಕಿ ಆರು ಪದ್ಯಗಳನ್ನು ತೆಗೆಸಿತು. ಆ ಸಂಕಲನವನ್ನು ಲಂಕೇಶ್ 'ಪಾಪದ ಹೂಗಳು' ಅಂತ ಕನ್ನಡಕ್ಕೆ ತಂದರು. ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಕಂಬ ಹಾಕಿ. ಎಡಕ್ಕೆ ಫ್ರೆಂಚ್, ನಡುವೆ ಲಂಕೇಶರ ಕನ್ನಡ, ಬಲಕ್ಕೆ ನಿಮ್ಮದೇ ಅನುವಾದ. ಲಂಕೇಶರು ಎಲ್ಲಿ ಮೂಲ ಬಿಟ್ಟರು, ಯಾಕೆ ಬಿಟ್ಟಿರಬಹುದು ಅಂತ ನಾಲ್ಕು ಸಾಲು ಬರೆಯಿರಿ. ಸಾಹಿತ್ಯದ ಪತ್ರಿಕೆಯಲ್ಲಿ ಕೇಳುವ 'ಎಕ್ಸ್‌ಪ್ಲಿಕಾಸಿಯೋಂ ದ ತೆಕ್ಸ್ತ್' ಅಂದರೆ ಹೆಚ್ಚುಕಮ್ಮಿ ಇದೇ: ಒಂದು ತುಣುಕು ಕೊಟ್ಟು, ಪದ ಪದಕ್ಕೂ ಯಾಕೆ ಅಂತ ಕೇಳುವುದು. ಗೈಡ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸಿಲಬಸ್ ಮೊಲಿಯೇರ್, ವೊಲ್ತೇರ್, ಹ್ಯೂಗೋ ಅಂತ ಸಾಗುತ್ತದೆ. ಪ್ಯಾರಿಸ್ಸಿನ ಹೊರಗಿನವರನ್ನೂ ಬಿಡಬೇಡಿ. ಸೆನೆಗಲ್ಲಿನ ಮೊದಲ ಅಧ್ಯಕ್ಷ ಸೆಂಗೋರ್ ಫ್ರೆಂಚಿನಲ್ಲಿ ಬರೆದ ಕವಿ. ಆಳಿದವರ ಭಾಷೆಯಲ್ಲಿ ಬರೆಯುವುದರ ಇಕ್ಕಟ್ಟು ನಮಗೆ ಬೇಗ ಅರ್ಥವಾಗುತ್ತದೆ.

ಐದನೆಯದು: ಬಾಯಿ ಬಿಡಿ

ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಬರುವ ವಿದೇಶಿಯರಲ್ಲಿ ಫ್ರೆಂಚರೂ ಇರುತ್ತಾರೆ. ಅಲ್ಲಿ ಕಾಫಿ ಕುಡಿಯುತ್ತಾ ಮಾತಿಗೆ ಸಿಕ್ಕರೆ ಬಿಡಬೇಡಿ. ನೀವು ನಾಲ್ಕು ವಾಕ್ಯ ಕನ್ನಡ ಹೇಳಿಕೊಡಿ, ಅವರು ನಿಮ್ಮ ತಪ್ಪು ತಿದ್ದಲಿ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರ ಇದೆ, ಹೈದರನ ಕಡೆ ಫ್ರೆಂಚ್ ಸಿಪಾಯಿಗಳೂ ಕಾಣುತ್ತಾರೆ. ಒಬ್ಬ ಗೆಳತಿಯನ್ನು ಕರೆದುಕೊಂಡು ಹೋಗಿ, ಆ ಗೋಡೆ ಮುಂದೆ ಹತ್ತು ನಿಮಿಷ ಫ್ರೆಂಚಿನಲ್ಲಿ ಗೈಡ್ ಆಗಿ ನೋಡಿ. ನಾನು ಮೊದಲ ಸಲ ಎರಡೇ ನಿಮಿಷಕ್ಕೆ ಸುಸ್ತಾಗಿದ್ದೆ. ಆನೆಯ ಲಿಂಗ ಮರೆತುಹೋಗಿತ್ತು.

ಕೊನೆಗೆ ಸರ್ಟಿಫಿಕೇಟು ಮತ್ತು ಕೆಲಸ

ಯೂನಿವರ್ಸಿಟಿ ಡಿಗ್ರಿ ಜೊತೆಗೆ ಡೆಲ್ಫ್ ಇಟ್ಟುಕೊಳ್ಳಿ. ಫ್ರಾನ್ಸಿನ ಶಿಕ್ಷಣ ಇಲಾಖೆಯ ಸರ್ಟಿಫಿಕೇಟು ಅದು, ಜೀವಮಾನವಿಡೀ ನಡೆಯುತ್ತದೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ತಲಾ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕಮ್ಮಿ ಆಗಬಾರದು. ಫ್ರಾನ್ಸಿನಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದಲು ಸಾಮಾನ್ಯವಾಗಿ ಬಿ2 ಕೇಳುತ್ತಾರೆ.

ಕೆಲಸದ ಬಗ್ಗೆ ಸುಳ್ಳು ಆಸೆ ಹುಟ್ಟಿಸಲಾರೆ. ಬೆಂಗಳೂರಿನ ಕಂಪನಿಗಳಲ್ಲಿ ಫ್ರೆಂಚ್ ಬಂದವರಿಗೆ ಜಾಗ ಇದೆ, ಆದರೆ ಅವರು ಕೇಳುವುದು ಭಾಷೆ, ಬೋದಿಲೇರ್ ಅಲ್ಲ. ಶಾಲೆ, ಕಾಲೇಜು, ಅನುವಾದ, ಪ್ರವಾಸಿ ಗೈಡ್, ಇಷ್ಟು ದಾರಿ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಫ್ರೆಂಚ್ ಒಂದು ವಿಷಯವಾಗಿದೆ, ಕಾಲೇಜು ಮೇಷ್ಟ್ರಾಗುವವರು ಅದಕ್ಕೆ ಎಂಎ ಓದುತ್ತಲೇ ತಯಾರಿ ಮಾಡಬೇಕು.

ಡೆಲ್ಫ್ ಬರೆಯಲು, ಫ್ರೆಂಚ್ ಕಲಿಸುವ ಸಂಸ್ಥೆಯಾದ ಬೆಂಗಳೂರಿನ ಅಲಯಾನ್ಸ್ ಫ್ರಾನ್ಸೇಸ್‌ಗೆ ಹೋಗಬೇಕು. ಅರ್ಜಿಯ ಕೊನೆಯ ದಿನ ಪರೀಕ್ಷೆಗಿಂತ ಬಹಳ ಮುಂಚೆಯೇ ಇರುತ್ತದೆ, ನೋಡಿಕೊಳ್ಳಿ. ಮಾತಿನ ಪರೀಕ್ಷೆ ಬೇರೆ ದಿನ ಬರಬಹುದು, ಎರಡೂ ದಿನಕ್ಕೆ ರಜೆ ಕೇಳಿ. ಗುರುತಿನ ಚೀಟಿ ಒರಿಜಿನಲ್ ಇರಲಿ. ಬೆಳಗಿನ ಮೊದಲ ರೈಲಿಗೇ ಹೊರಡಿ.