ಕಂಬಳದ ಫಲಿತಾಂಶ ಓದಲು ನಾನು ಕಲಿತ ಬಗೆ

ನಾನು ಘಟ್ಟದ ಮೇಲಿನವನು. ಕೆಲಸಕ್ಕೆಂದು ಮಂಗಳೂರಿಗೆ ಬಂದ ಮೇಲೆಯೇ ಕಂಬಳ ನೋಡಿದ್ದು. ಓಟ ನೋಡಿ ಖುಷಿಪಡಲು ಏನೂ ಗೊತ್ತಿರಬೇಕಾಗಿಲ್ಲ. ಆದರೆ ಆಮೇಲೆ ಪೇಪರಿನಲ್ಲಿ ಬರುವ ಫಲಿತಾಂಶ ತಲೆಗೆ ಹೋಗಬೇಕಾದರೆ ಸ್ವಲ್ಪ ಕಲಿಯಲೇಬೇಕು. ‘ಹಗ್ಗ ಹಿರಿಯ’, ‘ನೇಗಿಲು ಕಿರಿಯ’, ಕೋಣಗಳ ಯಜಮಾನರ ಹೆಸರಿನ ಮುಂದೆ ‘ಎ’, ‘ಬಿ’, ಒಂದು ಕಡೆ ‘ಓಡಿಸಿದವರು’, ಇನ್ನೊಂದು ಕಡೆ ‘ಹಲಗೆ ಮುಟ್ಟಿದವರು’. ಹೊಸದಾಗಿ ನೋಡುವವರಿಗೆ ಇದೆಲ್ಲ ಗೊಂದಲವೇ ಅಲ್ವಾ?

ನಾನು ಮೊದಲು ಹಿಡಿದದ್ದು ವಿಭಾಗಗಳನ್ನು. ನೊಗಕ್ಕೆ ಏನು ಕಟ್ಟಿದ್ದಾರೆ ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು. ಬರೀ ಹಗ್ಗ ಇದ್ದರೆ ಹಗ್ಗದ ವಿಭಾಗ. ಹಗುರವಾದ ಮರದ ನೇಗಿಲು ಇದ್ದರೆ ನೇಗಿಲು. ಇವೆರಡರಲ್ಲೂ ಓಟಗಾರ ಕೋಣಗಳ ಹಿಂದೆ ಓಡುತ್ತಾನೆ, ಹಾಗಾಗಿ ‘ಓಡಿಸಿದವರು’. ಅಡ್ಡಹಲಗೆ ವಿಭಾಗದಲ್ಲಿ ಹಲಗೆಯ ಮೇಲೆ ನಿಂತು ಹೋಗುತ್ತಾನೆ, ಅಲ್ಲಿ ‘ಹಲಗೆ ಮುಟ್ಟಿದವರು’. ಹಿರಿಯ, ಕಿರಿಯ ಎನ್ನುವುದು ಕೋಣಗಳಿಗೆ, ಓಡಿಸುವವರಿಗಲ್ಲ. ಒಬ್ಬರೇ ಯಜಮಾನರು ಒಂದೇ ವಿಭಾಗಕ್ಕೆ ಎರಡು ಜೋಡಿ ತಂದರೆ ಅವು ‘ಎ’ ಮತ್ತು ‘ಬಿ’.

ಕನೆಹಲಗೆ ವಿಭಾಗದ ಲೆಕ್ಕವೇ ಬೇರೆ. ಅಲ್ಲಿ ಯಾರು ಬೇಗ ಗುರಿ ಮುಟ್ಟಿದರು ಎಂಬ ಪ್ರಶ್ನೆಯೇ ಇಲ್ಲ. ಹಲಗೆಯಲ್ಲಿ ತೂತುಗಳಿವೆ. ಒಂದು ಕಾಲು ಅದರ ಮೇಲೆ ಊರಿ ನಿಂತವನನ್ನು ಕೋಣಗಳು ಎಳೆದುಕೊಂಡು ಹೋಗುವಾಗ ಆ ತೂತುಗಳಿಂದ ಕೆಸರುನೀರು ಮೇಲಕ್ಕೆ ಚಿಮ್ಮುತ್ತದೆ. ಕರೆ ಎಂದರೆ ಕೋಣಗಳು ಓಡುವ ಕೆಸರಿನ ಹಾದಿ. ಅದರ ಮೇಲೆ ಅಡ್ಡಲಾಗಿ ಕಟ್ಟಿದ ಬಟ್ಟೆಯೇ ನಿಶಾನೆ, ಅದರ ಎತ್ತರದ ಅಳತೆ ಕೋಲು. ಪೇಪರಿನಲ್ಲಿ ‘6.5 ಕೋಲು ನಿಶಾನೆಗೆ ನೀರು ಹಾಯಿಸಿದೆ’ ಎಂದಿದ್ದರೆ ನೀರು ಅಷ್ಟು ಎತ್ತರದ ಬಟ್ಟೆಯನ್ನು ಮುಟ್ಟಿತು ಎಂದರ್ಥ. 7.5 ಕೋಲು ಎಂದರೆ ಇನ್ನೂ ಮೇಲಿನ ಮಾತು. ನನ್ನನ್ನು ಕೇಳಿದರೆ ಕಂಬಳದಲ್ಲಿ ಇದಕ್ಕಿಂತ ಚಂದದ ನೋಟ ಇನ್ನೊಂದಿಲ್ಲ. ನಿಶಾನೆಯ ಪಕ್ಕದಲ್ಲೇ ಜಾಗ ಹಿಡಿಯಿರಿ. ಬಟ್ಟೆ ಒದ್ದೆಯಾದದ್ದು ದೂರದಿಂದ ಗೊತ್ತಾಗುವುದಿಲ್ಲ.

ಉಳಿದ ವಿಭಾಗಗಳಲ್ಲಿ ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಲೆಕ್ಕ ಇಡುತ್ತಾರೆ. ಹೊಸದಾಗಿ ಓದುವವರು ಎಡವುವುದು ಇಲ್ಲಿ, ಯಾಕೆಂದರೆ ಎಲ್ಲ ಕರೆಗಳೂ ಒಂದೇ ಉದ್ದ ಇಲ್ಲ. 2020ರ ಫೆಬ್ರವರಿ 1ರಂದು ಐಕಳದ ಕಾಂತಾಬಾರೆ-ಬೂದಾಬಾರೆ ಜೋಡುಕರೆಯಲ್ಲಿ (ಅಕ್ಕಪಕ್ಕ ಎರಡು ಕರೆಗಳಿರುವ ಕಂಬಳ) ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಬೇರೆ ಯಾವುದೋ 125 ಮೀಟರ್ ಕರೆಯಲ್ಲಿ ಒಂದು ಜೋಡಿ 12 ಸೆಕೆಂಡಿಗೆ ಓಡಿತು ಎಂದುಕೊಳ್ಳಿ. ಸಂಖ್ಯೆ ನೋಡಿದರೆ ಎರಡನೆಯದೇ ಚುರುಕು ಅನ್ನಿಸುತ್ತದೆ. 100 ಮೀಟರಿಗೆ ಇಳಿಸಿ ನೋಡಿ: ಐಕಳದ್ದು ಸುಮಾರು 9.56, ಇನ್ನೊಂದು 9.60. ಸಮಯದ ಪಕ್ಕದಲ್ಲಿ ಕರೆಯ ಉದ್ದ ಬರೆದುಕೊಳ್ಳದೆ ಯಾವ ಜೋಡಿಯನ್ನೂ ಹೋಲಿಸಬೇಡಿ. ಉಸೇನ್ ಬೋಲ್ಟ್ ಅವರ 9.58ರ ಜೊತೆ ಹೋಲಿಸುವುದಂತೂ ಬೇಡವೇ ಬೇಡ. ಎರಡು ಕೋಣಗಳ ಎಳೆತಕ್ಕೆ ಮೈಕೊಟ್ಟು ಕೆಸರಿನಲ್ಲಿ ಓಡುವುದು ಬೇರೆಯೇ ವಿದ್ಯೆ. ಅದಕ್ಕೆ ಅದರದ್ದೇ ಮರ್ಯಾದೆ ಸಿಗಬೇಕು.

ಇದಾದ ಮೇಲೂ ಒಂದು ಕೊರತೆ ಇತ್ತು. ಅದನ್ನು ತುಂಬಿದವರು ಕಾರ್ಕಳ ಕಡೆಯ ನನ್ನ ಸಹೋದ್ಯೋಗಿ. ನಾನು ಯಾವಾಗಲೂ ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ನಿಲ್ಲುತ್ತಿದ್ದೆ. ಅವರು ಓಟ ಶುರುವಾಗುವ ಗಂತಿಗೆ ಕರೆದುಕೊಂಡು ಹೋದರು. “ಟೈಮ್ ಮಾತ್ರ ನೋಡುದಲ್ಲ ಮಾರಾಯ್ರೆ, ಬಿಡುವುದನ್ನು ನೋಡಿ” ಅಂದರು. ಅಲ್ಲಿ ನಾಲ್ಕೈದು ಜನ ಒಂದು ಜೋಡಿಯನ್ನು ಹಿಡಿದಿದ್ದರು. ಒಂದು ಕೋಣ ನೇರ ನಿಂತರೆ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಅದನ್ನು ತಿರುಗಿಸಿ ತರುವಾಗ ಮೊದಲಿನದ್ದು ಹಿಂದೆ ಸರಿಯುತ್ತದೆ. ಎರಡೂ ಮುಖ ಮುಂದೆ ಮಾಡಿ ನಿಂತ ಒಂದು ಕ್ಷಣ ಸಿಕ್ಕಿತು, ಬಿಟ್ಟರು. ಆಚೆ ಕರೆಯ ಜೋಡಿ ಸ್ವಲ್ಪ ಓರೆಯಾಗಿ ಹೊರಟು ನಾಲ್ಕು ಹೆಜ್ಜೆಯಲ್ಲೇ ಹಿಂದೆ ಬಿತ್ತು. ಪೇಪರಿನಲ್ಲಿ ಅದು ಬರೀ ‘ದ್ವಿತೀಯ’. ಅಂದಿನಿಂದ ಮೊದಲ ಸುತ್ತುಗಳನ್ನು ಗಂತಿನಲ್ಲಿ ನೋಡುತ್ತೇನೆ, ಕೊನೆಯ ಸುತ್ತುಗಳನ್ನು ಮಂಜೊಟ್ಟಿಯಲ್ಲಿ.

ಫೈನಲ್ ಬರುವಾಗ ಸಾಮಾನ್ಯವಾಗಿ ಮರುದಿನ ಆಗಿರುತ್ತದೆ. ಅಷ್ಟರಲ್ಲಿ ಗೆಲ್ಲುವ ಜೋಡಿ ಹಲವು ಸಲ ಓಡಿ ಆಗಿರುತ್ತದೆ. ಹಾಗಾಗಿ ಮೊದಲ ಸುತ್ತಿನ ಅತಿವೇಗದ ಸಮಯಕ್ಕಿಂತ, ಸುತ್ತಿನಿಂದ ಸುತ್ತಿಗೆ ಸಮಯ ಹೆಚ್ಚು ಬದಲಾಗದ ಜೋಡಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಕೂಗಿಗೇ ಕಿವಿ ನಿಮಿರಿಸಿ ಹೊರಡುವ ಕೋಣಗಳನ್ನು ಕಂಡರೆ ಪ್ರೀತಿಯೂ ಜಾಸ್ತಿ.

2023ರ ಮೇ 18ರಂದು ಸುಪ್ರೀಂ ಕೋರ್ಟ್ ಕಂಬಳಕ್ಕೆ ಅವಕಾಶ ಕೊಟ್ಟ ಕಾನೂನನ್ನು ಎತ್ತಿಹಿಡಿದ ಮೇಲೆ ಸೀಸನ್ ಉದ್ದಕ್ಕೂ ಫಲಿತಾಂಶ ಕೂಡಿಟ್ಟುಕೊಳ್ಳುವ ಹುಮ್ಮಸ್ಸು ಬಂತು. ನನ್ನ ನೋಟ್‌ಬುಕ್ಕಿನಲ್ಲಿ ಊರು, ಕರೆಯ ಉದ್ದ, ವಿಭಾಗ, ಯಜಮಾನರು, ಓಡಿಸಿದವರು, ಸುತ್ತುಗಳ ಸಮಯ ಇವೆ. ಈಚೆಗೆ ಕೋಣಗಳ ಹೆಸರನ್ನೂ ಸೇರಿಸಿದ್ದೇನೆ. ಪೇಪರಿನ ಫಲಿತಾಂಶದಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಕರೆಯ ಹತ್ತಿರ ಕೇಳಿಯೇ ತಿಳಿಯಬೇಕು. ಯಜಮಾನರು ಜೋಡಿ ಬದಲಿಸಿ ಕಟ್ಟುವುದುಂಟು. ಹೋದ ವರ್ಷದ ‘ಎ’ ಈ ವರ್ಷದ ‘ಎ’ ಆಗಿರಬೇಕೆಂದಿಲ್ಲ. ಹೆಸರು ಬರೆದಿಟ್ಟರೆ ಮಾತ್ರ ಯಾವ ಕೋಣ ಯಾವುದರ ಜೊತೆ ಚೆನ್ನಾಗಿ ಓಡಿತು ಎಂದು ಗೊತ್ತಾಗುತ್ತದೆ.