ಬಲೆ ಹೆಣೆಯುವ 61 ದಿನಗಳಲ್ಲಿ ಇಬ್ರಿಯ 12: ನನ್ನ ಅನುಭವ

ತಂದೆ ಮಗನನ್ನು ತಿದ್ದುವಂತೆ ದೇವರು ನಮ್ಮನ್ನು ತಿದ್ದುತ್ತಾನೆ ಎನ್ನುವ, ಬೈಬಲಿನ (ಸತ್ಯವೇದದ) ಇಬ್ರಿಯ ಪತ್ರಿಕೆಯ 12ನೇ ಅಧ್ಯಾಯ ಕಾರವಾರದ ಕಡೆ ಮನೆ ಪ್ರಾರ್ಥನಾ ಕೂಟ ನಡೆಸುವವರಿಗೆ ಬಾಯಿಪಾಠ. ಅದರ ಮೇಲೆ ಪ್ರಸಂಗ ಮಾಡುವುದು ಸುಲಭ. ಸೋಮವಾರದಿಂದ ಶನಿವಾರದವರೆಗೆ ಅದರಂತೆ ನಡೆಯಲು ಒಂದು ಕ್ರಮ ಬೇಕು: ನಮ್ಮದು ದಿನಾ ಒಂದು ಪುಸ್ತಕದಲ್ಲಿ ತನ್ನ ಬಗ್ಗೆ ಬರೆಯುವುದು. ಅದು ನಮ್ಮಲ್ಲಿ ಕೈಗೆ ಹತ್ತಿದ್ದು ಮೂರನೇ ವರ್ಷ. ಎರಡು ವರ್ಷ ಹಿರಿಯರು ಹೇಳಿದ್ದು ಒಂದೇ ಮಾತು: "ಮೀನುಗಾರಿಕೆ ಬಂದ್ ಟೈಮಲ್ಲಿ ಮೊದ್ಲೇ ಕೈ ಖಾಲಿ. ಅದ್ರ ಮೇಲೆ ಕರ್ತನ ಶಿಕ್ಷೆ ಅಂತ ಬರೆಸಿದ್ರೆ ಇದ್ದವ್ರೂ ಕೂಟ ಬಿಟ್ಟು ಹೋಗ್ತಾರೆ." ಈಗ ಅವರೇ ಪುಸ್ತಕ ಕೇಳಿ ಪಡೆಯುತ್ತಾರೆ.

ಕಾಲದಿಂದ ಶುರು ಮಾಡುತ್ತೇನೆ, ನಾವು ಮೊದಲು ತಪ್ಪಿದ್ದೇ ಅಲ್ಲಿ. ಈಸ್ಟರ್‌ಗೆ ಮುಂಚಿನ 40 ದಿನ ಇಟ್ಟಾಗ ಗಂಡಸರೆಲ್ಲ ಸಮುದ್ರದಲ್ಲಿ. ಬರೆಯುವವರು ಹೆಂಗಸರು ಮಾತ್ರ, ಅದೂ ಬಹುಪಾಲು ಗಂಡಂದಿರ ತಪ್ಪು. ಹಾಗಾಗಿ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವ 61 ದಿನಕ್ಕೆ ತಂದೆವು. ಬೈತಖೋಲ ಬಂದರಿನಲ್ಲಿ ಬೋಟು ದಡ ಹಿಡಿದಿರುತ್ತದೆ, ಸಂಜೆ ಎಲ್ಲರೂ ಮನೆಯಲ್ಲಿ, ಕೈಯಲ್ಲಿ ಬಲೆ. ನಿಷೇಧ ಮೀನು ಮರಿ ಮಾಡಲಿಕ್ಕೆ ಎಂದು ಎಲ್ಲರಿಗೂ ಗೊತ್ತು. ಹೊಟ್ಟೆಗೆ ಹೊಡೆತ ಬಿದ್ದರೂ ಅದನ್ನು ಹಗೆತನ ಎಂದು ಯಾರೂ ಹೇಳುವುದಿಲ್ಲ. ತಿದ್ದುವಿಕೆ ಆಗ ನೋವು, ಆಮೇಲೆ ಫಲ ಎನ್ನುವ ಇಬ್ರಿಯ 12:11 ವಿವರಿಸಲು ಇದಕ್ಕಿಂತ ಹೆಚ್ಚು ಮಾತು ಬೇಡ.

ಬಲೆಗೂ ತಿದ್ದುವಿಕೆಗೂ ಇನ್ನೊಂದು ಕೂಡುವಿಕೆ ಇದೆ. ಮತ್ತಾಯ 4:21ರಲ್ಲಿ ಯಾಕೋಬ, ಯೋಹಾನರು ಬಲೆ ಸರಿಮಾಡುತ್ತಿದ್ದರು ಎನ್ನುವಲ್ಲಿ ಬರುವ ಗ್ರೀಕ್ ಕ್ರಿಯಾಪದವೇ ಗಲಾತ್ಯ 6:1ರಲ್ಲಿ ತಪ್ಪಿದವನನ್ನು ತಿದ್ದಿ ಸರಿಮಾಡಿರಿ ಎನ್ನುವಲ್ಲಿಯೂ, ಇಬ್ರಿಯ 13:21ರಲ್ಲಿ ದೇವರು ನಿಮ್ಮನ್ನು ಸಜ್ಜುಮಾಡಲಿ ಎನ್ನುವಲ್ಲಿಯೂ ಇದೆ. ಹರಿದ ಕಣ್ಣು ಹುಡುಕದೆ ಬಲೆ ಹೆಣೆಯಲು ಆಗದು. ಬೈದರೆ, ಒದ್ದರೆ ಬಲೆ ಸರಿಯಾಗುವುದೂ ಇಲ್ಲ.

'ಶಿಕ್ಷೆ' ಎಂಬ ಪದದ ಜತೆ ತುಂಬ ಗುದ್ದಾಡಿದೆವು. ಕನ್ನಡಿಗನ ಕಿವಿಗೆ ಅದು ಕೋರ್ಟು, ಜೈಲು. ಆದರೆ ಶಿಕ್ಷಕ, ಶಿಕ್ಷಣ ಎರಡೂ ಅದೇ ಬೇರಿನವು. ಮೂಲದ ಪದವೂ ಮಗುವನ್ನು ಬೆಳೆಸಿ ತಿದ್ದುವುದಕ್ಕೆ ಸೇರಿದ್ದು. ಒಂದು ವರ್ಷ 'ಶಿಸ್ತು' ಎಂದು ಹಾಕಿ ನೋಡಿದರೆ ಶಾಲೆಯ ಸಾಲು, ಯೂನಿಫಾರ್ಮು ನೆನಪಿಗೆ ಬಂತು. 'ತಿದ್ದುವಿಕೆ' ಎಂದಾಗ ಸರಿ ಕೂತಿತು, ಆದರೆ ನೋವು ಮಾಯವಾಯಿತು. ಈಗ ವಾಕ್ಯ ಓದುವಾಗ ಸತ್ಯವೇದದಲ್ಲಿ ಇದ್ದದ್ದನ್ನೇ ಓದುತ್ತೇವೆ, ಬರೆಯುವಾಗ 'ತಿದ್ದುವಿಕೆ' ಎನ್ನುತ್ತೇವೆ.

ಸಾಮಗ್ರಿ 200 ಪುಟದ ಉದ್ದ ನೋಟ್‌ಬುಕ್, ತಲೆಗೊಂದು. 12 ಜನಕ್ಕೆ ಸುಮಾರು 800 ರೂಪಾಯಿ ಆಗಿತ್ತು. ಮೊದಲ ವರ್ಷ ಪ್ರಶ್ನೆಗಳನ್ನು ಅಚ್ಚು ಹಾಕಿಸಿ ಎರಡೂವರೆ ಸಾವಿರ ಕಳೆದೆವು. ಅಚ್ಚಾದ ಪ್ರಶ್ನೆಗೆ ಜನ ಪರೀಕ್ಷೆಯ ಉತ್ತರ ಬರೆಯುತ್ತಾರೆ, ಮನಸ್ಸನ್ನಲ್ಲ. ಖಾಲಿ ಪುಟಕ್ಕೆ ಸ್ಕೇಲಿನಲ್ಲಿ ಗೆರೆ ಹಾಕಿ ನಾಲ್ಕು ಮನೆ (ಕಾಲಂ) ಮಾಡಿ. ಮೊದಲ ಮನೆಯಲ್ಲಿ ಆದದ್ದು, ಒಂದೇ ಸಾಲು, 'ಅನ್ಯಾಯವಾಗಿ', 'ಸುಮ್ಮನೆ' ಮುಂತಾದ ಮಾತು ಬೇಡ. ಎರಡನೆಯದರಲ್ಲಿ ನನ್ನ ಪಾಲು: ಇದೆ, ಇಲ್ಲ, ಗೊತ್ತಿಲ್ಲ. ಮೂರನೆಯದರಲ್ಲಿ ಇದರಿಂದ ಯಾರಿಗೆ ಪೆಟ್ಟಾಯಿತು. ನಾಲ್ಕನೆಯದರಲ್ಲಿ ಮೂರು ದಿನದೊಳಗೆ ಮಾಡುವ ಒಂದು ಕೆಲಸ. ದಿನಕ್ಕೆ 15 ನಿಮಿಷ, ಊಟಕ್ಕೆ ಮೊದಲು. ಊಟದ ನಂತರ ಇಟ್ಟರೆ ನಿದ್ದೆ.

ಎರಡನೇ ಮನೆಯೇ ಜೀವ. 'ಇದೆ' ಎಂದಾದರೆ ಪಶ್ಚಾತ್ತಾಪ, ಮರುಪಾವತಿ. 'ಇಲ್ಲ' ಎಂದಾಗಿ ಇನ್ನೊಬ್ಬನ ತಪ್ಪಿನಿಂದ ಆದದ್ದಾದರೆ ಸಹಾಯ ಕೇಳಬೇಕು, ಮುಚ್ಚಿಡಬಾರದು. ಗಂಡ ಹೊಡೆಯುವುದನ್ನು ಕರ್ತನ ಶಿಕ್ಷೆ ಎಂದು ಹೆಂಡತಿಯ ಕೈಯಲ್ಲಿ ಬರೆಸುವ ಕೂಟವನ್ನು ಆ ದಿನವೇ ನಿಲ್ಲಿಸಿ. 'ಗೊತ್ತಿಲ್ಲ' ಎಂಬುದಕ್ಕೂ ಪೂರ್ಣ ಗೌರವ ಕೊಡಿ. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಜತೆ ಅವನ ಗೆಳೆಯರು ಏಳು ದಿನ ಸುಮ್ಮನೆ ಕೂತದ್ದು ಚೆನ್ನಾಗಿತ್ತು, ಕಾರಣ ಹುಡುಕಲು ಬಾಯಿ ತೆರೆದ ಮೇಲೆ ಕೆಟ್ಟಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಂಥ ಸಾವುಗಳಿಗೆ ಈ ಪುಸ್ತಕದಲ್ಲಿ ಕಾರಣ ಬರೆಯಬಾರದು ಎಂಬುದು ನಮ್ಮ ಕಟ್ಟುನಿಟ್ಟಿನ ನಿಯಮ. ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಜನ ಉಳಿದವರಿಗಿಂತ ಪಾಪಿಗಳಲ್ಲ ಎಂದು ಲೂಕ 13ರಲ್ಲಿ ಯೇಸುವೇ ಹೇಳಿದ ಮೇಲೆ ನಾವು ಯಾರು? ತಿದ್ದುವಿಕೆಯನ್ನು ನನ್ನ ಬಗ್ಗೆ ಮಾತ್ರ ಬರೆಯಬಹುದು, ಪಕ್ಕದವನ ಬಗ್ಗೆ ಅಲ್ಲ.

ಇಬ್ರಿಯ 12:5 ಹೇಳುವ ಎರಡು ಕೆಡುಕುಗಳೇ ಪುಸ್ತಕದಲ್ಲೂ ಕಾಣುತ್ತವೆ. ತಾತ್ಸಾರ ಮಾಡುವವನ ಎರಡನೇ ಮನೆಯಲ್ಲಿ ವಾರವಿಡೀ 'ಇಲ್ಲ'. ಎದೆಗುಂದುವವನಲ್ಲಿ ವಾರವಿಡೀ 'ಇದೆ', ಮಳೆ ಬಂದದ್ದಕ್ಕೂ ತಾನೇ ಕಾರಣ. ಮೊದಲನೆಯವನಿಗೆ ಕೀರ್ತನೆ 119:67 ಕೊಡಿ, ಕಷ್ಟ ಬರುವ ಮುಂಚೆ ದಾರಿ ತಪ್ಪಿದ್ದೆ ಎನ್ನುವ ವಚನ. ಎರಡನೆಯವನಿಗೆ ಕ್ರಿಸ್ತನಲ್ಲಿರುವವರಿಗೆ ದಂಡನೆಯ ತೀರ್ಪಿಲ್ಲ ಎನ್ನುವ ರೋಮಾಪುರ 8:1, ಜತೆಗೆ ಒಂದು ವಾರ ಬರೆಯುವುದೇ ಬೇಡ. ಎರಡನೇ ವರ್ಷ ನಾವು ಇದನ್ನು ಉಲ್ಟಾ ಮಾಡಿದ್ದೆವು, ನಾಲ್ಕೈದು ಜನ ಹೊರಟುಹೋದರು. ಅದೇ ವರ್ಷ ಕೆಲವರು ತಾವೇ ತಮಗೆ ಶಿಕ್ಷೆ ಹಾಕಿಕೊಳ್ಳತೊಡಗಿದರು: ನೀರಿಲ್ಲದ ಉಪವಾಸ, ಬಿಪಿ, ಶುಗರ್ ಮಾತ್ರೆ ಬಿಡುವುದು. ತಿದ್ದುವವನು ತಂದೆ, ಅದನ್ನು ನಾವು ಕೈಗೆತ್ತಿಕೊಳ್ಳುವಂತಿಲ್ಲ. ಮಾತ್ರೆ ಬಿಟ್ಟವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸಿ, ಪ್ರಾರ್ಥನೆ ಆಮೇಲೆ.

ಹಣದ ವಿಷಯ. ಕಷ್ಟ ಬೇಗ ಕಳೆಯಲಿ ಎಂದು ದೂರದ ಉಪವಾಸ ಕೂಟಕ್ಕೆ ಗಾಡಿ ಮಾಡಿಕೊಂಡು ಹೋದರೆ ಒಂದು ಮನೆಗೆ ಮೂರು ನಾಲ್ಕು ಸಾವಿರ ಹಾರುತ್ತದೆ, ಅದೂ ಸಾಲ ತಂದು. ಆ ಹಣ ಕಿರಾಣಿ ಅಂಗಡಿಯ ಉದ್ರಿ ತೀರಿಸಲು ಹೋದರೆ ನಾಲ್ಕನೇ ಮನೆ ತುಂಬುತ್ತದೆ. ಯಾಜಕಕಾಂಡ 6:5ರಲ್ಲಿ ಮೋಸದಿಂದ ಪಡೆದದ್ದಕ್ಕೆ ಐದರಲ್ಲೊಂದು ಪಾಲು ಕೂಡಿಸಿ ಕೊಡಬೇಕು. ಲೂಕ 19ರ ಸುಂಕದವ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಎಂದ. ನಾವು ಅಷ್ಟು ದೂರ ಹೋಗುವುದಿಲ್ಲ: ಮೊದಲು ಅಸಲು, ಕೈಲಾದರೆ ಐದರ ಪಾಲು. ಬಂದ್ ಕಾಲದಲ್ಲಿ ತಾರೀಖು ಬರೆದಿಟ್ಟು, ಆಗಸ್ಟಿನಲ್ಲಿ ಬೋಟಿನಿಂದ ಸಿಗುವ ಮೊದಲ ಪಾಲಿನ ಹಣದಲ್ಲಿ ಕೊಡುವುದು. ಸಣ್ಣ ಸಾಲ ಮೊದಲು. 61 ದಿನ ಕೂಟದಲ್ಲಿ ಕಾಣಿಕೆ ಚೀಲ ತೆಗೆಯುವುದಿಲ್ಲ. ಇದಕ್ಕೇ ಹೆಚ್ಚು ವಿರೋಧ ಬಂದದ್ದು, ನಂಬಿಕೆ ಗಟ್ಟಿಯಾದದ್ದೂ ಇದರಿಂದಲೇ.

ಮೂರನೇ ವರ್ಷ 12ರಲ್ಲಿ ಎಂಟೊಂಬತ್ತು ಜನ ಕೊನೆ ಮುಟ್ಟಿದರು. ಒಂಬತ್ತನೇ ದಿನ ನಾವು ಕೇಳುವ ಒಂದು ಪ್ರಶ್ನೆ ಇದೆ, ಪಾರಾಗುವವರೂ ಬಿಡುವವರೂ ಅಲ್ಲೇ ಗೊತ್ತಾಗುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮುಖ ನೋಡದೆ ಕೇಳಿದರೆ ಗಾಯ ಮಾಡುತ್ತದೆ.

ಹೆಚ್ಚು ಫಲ ಕೊಡಲೆಂದು ಕೊಂಬೆ ಸವರುವ ಯೋಹಾನ 15:2ರ ದ್ರಾಕ್ಷಿ ನಮ್ಮ ಕಡೆ ಬೆಳೆಯುವುದಿಲ್ಲ, ಹೇಳಿದರೆ ತಲೆಗೆ ಹೋಗುವುದಿಲ್ಲ. ಭಟ್ಕಳದ ಮಲ್ಲಿಗೆ ಹೇಳಿದರೆ ಹೆಂಗಸರಿಗೆ ತಕ್ಷಣ ತಿಳಿಯುತ್ತದೆ: ಮೊಗ್ಗು ಹೊಸ ಚಿಗುರಿನಲ್ಲಿ, ಕತ್ತರಿ ಬೀಳದ ಗಿಡದಲ್ಲಿ ಸೊಪ್ಪೇ ಹೆಚ್ಚು. ಮುಂದಿನ ವಚನವನ್ನೂ ಓದಿಸಿ, ಅಲ್ಲಿ ಶುದ್ಧಮಾಡುವುದು ಅವನ ವಾಕ್ಯ.

ಶಿರಸಿ ಕಡೆಯ ತೋಟದವರಿಗೆ 61 ದಿನ ಹೊಂದಲಿಲ್ಲ, ಅವರಿಗೆ ಮೀನಿನ ಬಂದ್ ಇಲ್ಲವಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣದ ಔಷಧಿ) ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. ಮೊದಲ ಔಷಧಿಯಿಂದ ಎರಡನೆಯದರವರೆಗೆ ಪುಸ್ತಕ ಇಡಲು ಈ ಸಲ ಹೇಳಿದ್ದೇವೆ. ನಾಲ್ಕು ಮನೆ ಅವೇ, ಉದ್ರಿಯ ಜಾಗದಲ್ಲಿ ಅಡಿಕೆ ಮರ ಹತ್ತುವ ಕೊನೆಗಾರರ ಬಾಕಿ ಕೂಲಿ.